ಹಳೇ ವೀಣೆಗೆ ಸಿಕ್ಕಸಿಕ್ಕ ಅಂಟು ಮೆತ್ತಬೇಡಿ

ಸಂಪಾದಕರೇ,

ನಮ್ಮ ಅಜ್ಜಿಯ ವೀಣೆ ಅಟ್ಟದ ಮೇಲೆ ಎಷ್ಟೋ ವರ್ಷ ಬಿದ್ದಿತ್ತು. ತಂತಿ ಸಡಿಲಿಸದೆ ಹಾಗೇ ಇಟ್ಟಿದ್ದು ನಮ್ಮದೇ ತಪ್ಪು. ಏಳು ತಂತಿಗಳ ಎಳೆತಕ್ಕೆ ದಂಡಿ, ಅಂದರೆ ವೀಣೆಯ ಉದ್ದನೆಯ ಕತ್ತು, ತುಸು ಬಾಗಿ, ಕೊಡದ (ದುಂಡನೆಯ ಬುರುಡೆಯ) ಹತ್ತಿರ ಅದು ಸೇರುವ ಕೂಡು ಬಾಯಿ ಬಿಟ್ಟಿತ್ತು. ಬೇಸಿಗೆಯ ಶೆಕೆಗೆ ಮೇಣ ಮೆತ್ತಗಾಗಿ, ಅದರಲ್ಲಿ ಕೂರಿಸಿದ್ದ ನಾಲ್ಕೈದು ಮೆಟ್ಟಿಲು (ಸ್ವರಕ್ಕಾಗಿ ತಂತಿ ಒತ್ತುವ ಲೋಹದ ಪಟ್ಟಿ) ವಾಲಿದ್ದವು.

ಊರಿನ ಒಂದು ಅಂಗಡಿಗೆ ಕೊಟ್ಟೆ. ಅವರು ಕೂಡಿಗೆ ಎಪಾಕ್ಸಿ ಅನ್ನೋ ರಾಸಾಯನಿಕ ಅಂಟು ತುಂಬಿ, ಮೇಲೆ ಪಳಪಳ ವಾರ್ನಿಷ್ ಹೊಡೆದು ಕೊಟ್ಟರು! ನೋಡೋಕೆ ಹೊಸ ವೀಣೆ. ಮೀಟಿದರೆ ಜುಂಯ್ ಅಂತ ಕರಕರೆ, ಏಕೆಂದರೆ ಬಾಗು ಹಾಗೇ ಇದ್ದು ತಂತಿ ಮೆಟ್ಟಿಲಿಗೆ ತಾಗುತ್ತಿತ್ತು. ಸರೇಸಿನ (ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ) ಅಂಟಾಗಿದ್ದರೆ ಹಬೆ ಕೊಟ್ಟು ಮೆಲ್ಲಗೆ ಬಿಡಿಸಬಹುದಿತ್ತು, ಈಗ ಬಿಡಿಸಹೋದರೆ ವೀಣೆಯ ಹಲಸಿನ ಮರವೇ ಸೀಳುತ್ತೆ, ಅಲ್ವಾ?

ಕೊನೆಗೆ ವೀಣೆ ಮಾಡೋರೊಬ್ಬರು ಸಿಕ್ಕರು. ಬಾಗು ಸ್ವಲ್ಪವೇ ಇದೆ ಅಂತ ದಂಡಿ ಮುಟ್ಟಲಿಲ್ಲ. 24 ಮೆಟ್ಟಿಲನ್ನೂ ಕಿತ್ತು, ಜೇನುಮೇಣಕ್ಕೆ ಇದ್ದಿಲ ಪುಡಿ ಕಲಸಿ, ತಗ್ಗಿದ್ದಲ್ಲಿ ಏರಿಸಿ ಉಬ್ಬಿದ್ದಲ್ಲಿ ಇಳಿಸಿ ಹೊಸದಾಗಿ ಮೇಳ ಕಟ್ಟಿದರು, ಅಂದರೆ ಮೆಟ್ಟಿಲುಗಳನ್ನು ಸ್ವರಕ್ಕೆ ಸರಿಯಾಗಿ ಕೂರಿಸಿದರು. ಒಂದೊಂದು ಸ್ವರವನ್ನೂ ಕಿವಿಯಲ್ಲೇ ಕೇಳಿ ಕೂರಿಸಿದ್ದು, ಮೆಷಿನ್ ಗಿಷಿನ್ ಏನೂ ಇಲ್ಲ.

ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರ ವೀಣೆಗೇ ಹೆಸರಾದ ಊರು. ಇಂಥ ಕಡೆ ರಿಪೇರಿ ಕೆಲಸವನ್ನೂ ಹುಡುಗರಿಗೆ ಸ್ಟೈಪೆಂಡ್ ಕೊಟ್ಟು ಕಲಿಸಲು ಸರ್ಕಾರ ಏರ್ಪಾಡು ಮಾಡಲಿ. ವೀಣೆ ಮಾಡೋರಿಗೆ ಸುಮ್ನೆ ಶಾಲು ಹೊದಿಸಿ ಕಳಿಸೋದು ಬೇಡ.

– ಓದುಗ, ತುಮಕೂರು