ನಿಯಮ ಮೊದಲು ತಿಳಿಯಲಿ, ಏಜೆಂಟ್ ಆಮೇಲೆ ಬರಲಿ

ಸಂಪಾದಕರೇ,

ವೈದ್ಯಕೀಯ ಓದಲು ಹೊರದೇಶಕ್ಕೆ ಹೋಗುವವರೆಂದರೆ ‘ಅಂಕವಿಲ್ಲದ, ಅಪ್ಪನ ದುಡ್ಡಿರುವ’ ಮಕ್ಕಳು ಎಂದು ಓದುಗರೊಬ್ಬರು ಇದೇ ಅಂಕಣದಲ್ಲಿ ಬರೆದಿದ್ದರು. ನನ್ನ ಮಗಳು ಬಾಂಗ್ಲಾದೇಶದ ಕುಮಿಲ್ಲಾದಲ್ಲಿ ಎಂಬಿಬಿಎಸ್ ಓದುತ್ತಿದ್ದಾಳೆ. ನಾನು ಹಾವೇರಿ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಶಾಲೆಯ ಶಿಕ್ಷಕಿ. ಅವಳ ಅಪ್ಪನಿಗಿರುವುದು ನಾಲ್ಕು ಎಕರೆ ಗೋವಿನಜೋಳದ ಹೊಲ. ಅದರ ಪತ್ರ ಈಗ ಬ್ಯಾಂಕಿನಲ್ಲಿದೆ.

2022ರ ನೀಟ್‌ನಲ್ಲಿ ಅವಳಿಗೆ ಬಂದದ್ದು 438. ಸರ್ಕಾರಿ ಸೀಟಿಗೆ ಸಾಲಲಿಲ್ಲ. ಖಾಸಗಿ ಸೀಟಿನ ಒಂದು ವರ್ಷದ ಮೊತ್ತ ಕೇಳಿ ನಮ್ಮ ಯಜಮಾನರು ಎದುರಿಗಿಟ್ಟ ಚಹಾ ಮುಟ್ಟದೆ ಎದ್ದು ಬಂದರು. ಅದೇ ವರ್ಷ ಮಾರ್ಚ್ 1ರಂದು ನಮ್ಮ ಜಿಲ್ಲೆಯ ವೈದ್ಯ ವಿದ್ಯಾರ್ಥಿಯೊಬ್ಬ ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾಗಿದ್ದ. ತಿನ್ನಲು ಏನಾದರೂ ತರಲೆಂದು ಹೊರಬಿದ್ದಿದ್ದನಂತೆ. ಪಾರ್ಥಿವ ಶರೀರ ಊರು ಸೇರಲು ಇಪ್ಪತ್ತು ದಿನ ಹಿಡಿಯಿತು. ಹೀಗಾಗಿ ಮಗಳ ಮುಂದೆ ನಾನಿಟ್ಟ ಷರತ್ತು ಒಂದೇ: ಕಷ್ಟ ಬಂದರೆ ನಡೆದಾದರೂ ಗಡಿ ದಾಟಿ ಬರುವಷ್ಟು ಹತ್ತಿರದ ದೇಶವಾಗಿರಬೇಕು. ಕುಮಿಲ್ಲಾದಿಂದ ಅಖೌರಾ ಗಡಿಗೆ ಒಂದೆರಡು ತಾಸಿನ ದಾರಿ, ಗಡಿಯಾಚೆಗೆ ಅಗರ್ತಲಾ. ನಕಾಶೆಯ ಮೇಲೆ ಬೆರಳಿಟ್ಟು ನೋಡಿಯೇ ಒಪ್ಪಿದ್ದೆ.

ಷರತ್ತು ಹಾಕಿದವಳ ಬಾಯಿಗೆ ಮಣ್ಣು ಬೀಳಲಿ. 2024ರ ಜುಲೈನಲ್ಲಿ ಮೀಸಲಾತಿ ವಿರೋಧಿ ಚಳವಳಿ ಹೊತ್ತಿಕೊಂಡಾಗ ಅವಳು ನಿಜಕ್ಕೂ ಅದೇ ದಾರಿ ಹಿಡಿಯಬೇಕಾಯಿತು. 18ರ ರಾತ್ರಿ ಅಲ್ಲಿ ಇಂಟರ್ನೆಟ್ ನಿಂತಿತು. ಆಗ ಬಾಂಗ್ಲಾದಲ್ಲಿ ಸುಮಾರು 15 ಸಾವಿರ ಭಾರತೀಯರಿದ್ದಾರೆ, ಅವರಲ್ಲಿ ಸುಮಾರು 8,500 ವಿದ್ಯಾರ್ಥಿಗಳು ಎಂದು ವಿದೇಶಾಂಗ ಸಚಿವಾಲಯ ಹೇಳಿತು. ನನಗೆ ಬೇಕಾಗಿದ್ದದ್ದು ಅದರಲ್ಲಿ ಒಂದೇ ಒಂದು ಮಗುವಿನ ಸುದ್ದಿ. ಎರಡು ದಿನದ ಮೇಲೆ ಗುರುತಿಲ್ಲದ ನಂಬರಿನಿಂದ ಕರೆ ಬಂತು. ‘ಅವ್ವಾ, ದಾಟಿದೆ’ ಎಂದಳು, ಅಷ್ಟೇ. ಯಾರದೋ ಫೋನು, ಹಿಂದೆ ಸಾಲು ಇತ್ತಂತೆ.

ಮನೆಗೆ ಬಂದವರೆಲ್ಲ ಕೇಳಿದ್ದು ಒಂದೇ ಮಾತು: ಇನ್ನೂ ಕಳಿಸುತ್ತೀರಾ? ಇಲ್ಲಿಯೇ ಯಾವುದಾದರೂ ಕಾಲೇಜಿಗೆ ಸೇರಿಸಬಾರದೇ? ಸೇರಿಸಲು ಬರುವುದಿಲ್ಲ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2021ರ ನವೆಂಬರ್ ನಿಯಮದ ಪ್ರಕಾರ ಹೊರದೇಶದಲ್ಲಿ ಓದುವವರ ಕೋರ್ಸು ಕನಿಷ್ಠ 54 ತಿಂಗಳಿನದಾಗಿರಬೇಕು. ಅದನ್ನು ಮೊದಲಿನಿಂದ ಕೊನೆಯವರೆಗೆ ಅದೇ ಕಾಲೇಜಿನಲ್ಲಿ ಓದಬೇಕು. 12 ತಿಂಗಳ ಇಂಟರ್ನ್‌ಶಿಪ್ಪೂ ಅಲ್ಲಿಯೇ. ಊರಿಗೆ ಬಂದ ಮೇಲೆ, ಹೊರದೇಶದಲ್ಲಿ ಓದಿದವರಿಗೆಂದೇ ಇರುವ 300 ಪ್ರಶ್ನೆಗಳ ಅರ್ಹತಾ ಪರೀಕ್ಷೆ ಎಫ್‌ಎಂಜಿಇ ಬರೆದು 150 ಅಂಕ ತೆಗೆಯಬೇಕು, ಮತ್ತೆ ಇಲ್ಲಿ ಒಂದು ವರ್ಷ ಇಂಟರ್ನ್‌ಶಿಪ್ ಮಾಡಬೇಕು. ಹುಬ್ಬಳ್ಳಿಯ ಹೋಟೆಲಿನ ಹಾಲ್‌ನಲ್ಲಿ ನಮ್ಮನ್ನು ಕೂರಿಸಿ ಬಣ್ಣದ ಚಿತ್ರ ತೋರಿಸಿದ ಏಜೆಂಟ್ ಇದರಲ್ಲಿ ಒಂದು ಸಾಲನ್ನೂ ಹೇಳಿರಲಿಲ್ಲ. ‘ಐದು ವರ್ಷ ಮೇಡಂ, ಡಾಕ್ಟರ್’ ಎಂದಿದ್ದ. ಎರಡೂ ಇಂಟರ್ನ್‌ಶಿಪ್ ಸೇರಿಸಿ ಲೆಕ್ಕ ಹಾಕಿದರೆ ಏಳು. ನಾನು ನಿಯಮ ಪೂರ್ತಿ ಓದಿದ್ದು ನಿಘಂಟು ಪಕ್ಕಕ್ಕಿಟ್ಟುಕೊಂಡು, ಅದೂ ಮೊದಲ ಕಂತು ಕಟ್ಟಿದ ಮೇಲೆ.

ಸೆಪ್ಟೆಂಬರ್ ಕೊನೆಗೆ ಅವಳೇ ಹೊರಟು ನಿಂತಳು, ಚೀಲದ ತುಂಬ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು. ಮೊದಲ ಪ್ರೊಫ್, ಅಂದರೆ ವಿಶ್ವವಿದ್ಯಾಲಯದ ದೊಡ್ಡ ಪರೀಕ್ಷೆ, ತಲೆಯ ಮೇಲಿತ್ತು. ಅಲ್ಲಿಯ ಮಕ್ಕಳು ಪರೀಕ್ಷೆಗಳನ್ನು ಐಟಂ, ಕಾರ್ಡ್, ಟರ್ಮ್, ಪ್ರೊಫ್ ಎಂದು ಕರೆಯುತ್ತಾರೆ. ಐಟಂ ಎಂದರೆ ಒಂದೊಂದು ಸಣ್ಣ ಪಾಠಕ್ಕೂ ಮೇಷ್ಟರ ಎದುರು ಕುಳಿತು ಬಾಯಲ್ಲಿ ಒಪ್ಪಿಸುವುದು. ಅಂಥವು ಹಲವು ಸೇರಿದರೆ ಒಂದು ಕಾರ್ಡ್. ನಾನು ಮೂರನೆಯ ಇಯತ್ತೆಯವರಿಗೆ ಮಗ್ಗಿ ಕೇಳುವ ರೀತಿಯೇ! ದುಡ್ಡು ಕೊಟ್ಟು ಪಾಸಾಗುತ್ತಾರೆ ಎನ್ನುವವರು ಒಂದು ಐಟಂಗೆ ಕುಳಿತು ನೋಡಬೇಕು.

ಈಗ ಅವಳು ವಾರ್ಡಿಗೆ ಹೋಗುತ್ತಾಳೆ. ಪಾಠ ಇಂಗ್ಲಿಷಿನಲ್ಲಿ, ರೋಗಿಯ ಮಾತು ಬಂಗಾಳಿಯಲ್ಲಿ. ಇದನ್ನೂ ಏಜೆಂಟ್ ಹೇಳಿರಲಿಲ್ಲ. ‘ಕೊಥಾಯ್ ಬ್ಯಥಾ?’ ಎಂದು ಕೇಳಬೇಕಂತೆ, ಎಲ್ಲಿ ನೋವು ಎಂದು. ನಮ್ಮಲ್ಲಿ ವ್ಯಥೆ ಮನಸ್ಸಿಗೆ ಅಂಟಿಕೊಂಡಿದೆ, ಅವರಲ್ಲಿ ಮೊಣಕಾಲಿಗೂ ಉಂಟು. ಮಲಗಿದವರ ಕಾಯಿಲೆಗಳು ಮಾತ್ರ ನಮ್ಮವೇ: ಡೆಂಗಿ, ಕ್ಷಯ, ಟೈಫಾಯ್ಡ್, ಮಕ್ಕಳ ಭೇದಿ. ಭೇದಿಗೆ ನಾವು ಮನೆಮನೆಯಲ್ಲಿ ಕುಡಿಸುವ ಓಆರ್‌ಎಸ್ ದ್ರಾವಣವನ್ನು 1968ರಲ್ಲಿ ಕಾಲರಾ ರೋಗಿಗಳಿಗೆ ಕೊಟ್ಟು ಪರೀಕ್ಷಿಸಿದ್ದು ಢಾಕಾದ ಪ್ರಯೋಗಾಲಯದವರು. ನೆರೆಯ ದೇಶದಲ್ಲಿ ಓದಿದವಳು ನಾಳೆ ರಾಣೆಬೆನ್ನೂರಿನ ಆಸ್ಪತ್ರೆಗೆ ಬಂದರೆ ಹೊಸದಾಗಿ ಕಲಿಯುವುದು ಕಡಿಮೆ ಎಂದು ನಾನು ನಂಬಿದ್ದೇನೆ. ತಾಯಿಯ ನಂಬಿಕೆ ಎಂದು ಬೇಕಾದರೆ ಬದಿಗಿಡಿ.

ಆ ಓದುಗರೊಂದಿಗೆ ಜಗಳವಿಲ್ಲ. ಪದವಿಪೂರ್ವ ಶಿಕ್ಷಣ ಇಲಾಖೆಗೆ ಒಂದು ಕೋರಿಕೆ ಇದೆ. ನೀಟ್ ಫಲಿತಾಂಶ ಬಂದ ವಾರವೇ ಏಜೆಂಟರ ಫೋನು ಶುರುವಾಗುತ್ತದೆ. ಅದಕ್ಕೂ ಮೊದಲೇ ಈ ನಿಯಮಗಳನ್ನು ಸರಳ ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ವಿಜ್ಞಾನ ಕಾಲೇಜಿನ ಸೂಚನಾ ಫಲಕಕ್ಕೆ ಅಂಟಿಸಲಿ. ನಾನು ನಾಲ್ಕು ಪುಟ ಬರೆದಿಟ್ಟಿದ್ದೇನೆ. ಕಳೆದ ತಿಂಗಳು ಮೂವರು ಪಾಲಕರು ಬಂದು ಝೆರಾಕ್ಸ್ ಮಾಡಿಸಿಕೊಂಡು ಹೋದರು. ಅವರಲ್ಲಿ ಒಬ್ಬರು ಆಗಲೇ ಮುಂಗಡ ಕೊಟ್ಟಾಗಿತ್ತು.

– ಒಬ್ಬ ಶಿಕ್ಷಕಿ, ಹಾವೇರಿ ಜಿಲ್ಲೆ