ಎಲ್ಲಾ ಕಂಬಗಳೇ, ನೀ ಎಲ್ಲಿದ್ದೀ?

ಬೊಲೊನ್ಯಾ, ಇಟಲಿ, ಮೇ ತಿಂಗಳು

ಅವ್ವ, ಅಪ್ಪ,

ಅವ್ವ, ಹೋದ ಭಾನುವಾರ ಫೋನಿನಲ್ಲಿ ನೀನು ಕೇಳಿದ್ದು ಇನ್ನೂ ಕಿವಿಯಲ್ಲೇ ಇದೆ. "ಕಳಿಸಿದ್ದೆಲ್ಲಾ ಕಂಬ, ಕಮಾನು. ನೀ ಎಲ್ಲಿದ್ದೀ ಅದರಾಗ?" ಅಂದೆ. ಅಪ್ಪನದು ಬೇರೆ ತಕರಾರು, ವಾಟ್ಸಾಪ್‌ನಲ್ಲಿ ಬಂದ ಫೋಟೊ ಫೋಟೊನೇ ಅಲ್ಲ ಅಂತ. ಅದಕ್ಕೇ ಈ ಸಲ ಪ್ರಿಂಟ್ ಹಾಕಿಸಿ, ಜೊತೆಗೆ ಕಾಗದ ಬರೆದು, ಪೋಸ್ಟ್ ಮಾಡುತ್ತಿದ್ದೇನೆ. ಪ್ರಿಂಟ್‌ಗಳ ಹಿಂದೆ ಪೆನ್ಸಿಲ್‌ನಲ್ಲಿ ನಂಬರ್ ಹಾಕಿದ್ದೇನೆ. ಓದುತ್ತಾ ನೋಡಿ.

ಮೊದಲು ಒಂದು ತಪ್ಪೊಪ್ಪಿಗೆ. ಅಪ್ಪ, ನಿನ್ನ ಕ್ಯಾಮೆರಾಕ್ಕೆ ಹಾಕಿದ ಮೊದಲ ರೋಲ್ ಪೂರ್ತಿ ಖಾಲಿ ಬಂತು. ಮೂರು ದಿನ ಊರು ಸುತ್ತಿ, ಬಿಸಿಲು ನೋಡಿ, ಮೋಡ ನೋಡಿ, ಒಂದೊಂದೇ ಎಣಿಸಿ ಎಣಿಸಿ 36 ತೆಗೆದಿದ್ದೆ. ಫಿಲ್ಮ್ ಕ್ಯಾಮೆರಾ ಒಳಗಿನ ಚಕ್ರದ ಹಲ್ಲುಗಳಿಗೆ ಸಿಕ್ಕಿಯೇ ಇರಲಿಲ್ಲ, ಮುಂದಕ್ಕೆ ಸರಿದೇ ಇರಲಿಲ್ಲ. "ಒಂದು ಸಲ ಎಳೆದ ಮೇಲೆ ರಿವೈಂಡ್ ನಾಬ್ ತಿರುಗಿತಾ ನೋಡು" ಅಂತ ನೀನು ನೂರು ಸಲ ಹೇಳಿದ್ದೆ. ನೂರು ಸಲವೂ ಹೂಂ ಅಂದಿದ್ದೆ. ಇಲ್ಲಿ ಫಿಲ್ಮಿನ ಬೆಲೆ ಹೇಳಿದರೆ ನೀನು ನನ್ನನ್ನು ವಾಪಸ್ ಕರೆಸಿಕೊಳ್ಳುತ್ತೀಯಾ, ಹಾಗಾಗಿ ಹೇಳಲ್ಲ.

ಈಗ ಕಂಬದ ವಿಷಯ. ಅವ್ವ, ಈ ಊರಲ್ಲಿ ಕಂಬ ಬಿಟ್ಟು ಫೋಟೊ ತೆಗೆಯೋದೇ ಕಷ್ಟ. ರಸ್ತೆಯ ಎರಡೂ ಬದಿ ಮನೆಗಳ ಕೆಳಗೆ ಕಂಬ ಸಾಲು, ಮೇಲೆ ಕಮಾನು, ಒಳಗೆ ನಡೆಯುವ ದಾರಿ. ಇದಕ್ಕೆ ಪೋರ್ಟಿಕೊ ಅಂತಾರೆ. ನಮ್ಮ ಮುತ್ಯಾನ ಊರಿನ ಮನೆಗಳ ಮುಂದಿನ ಕಟ್ಟೆ ಇದೆಯಲ್ಲ, ಅದಕ್ಕೆ ಮೇಲೆ ಚಾವಣಿ ಹಾಕಿ, ಇಡೀ ಓಣಿಯ ಕಟ್ಟೆಗಳನ್ನು ಒಂದಕ್ಕೊಂದು ಜೋಡಿಸಿದರೆ ಹೇಗಿರುತ್ತೆ, ಹಾಗೆ. ಊರೆಲ್ಲಾ ಸೇರಿಸಿದರೆ ಸುಮಾರು 62 ಕಿಲೋಮೀಟರ್. 2021ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿವೆ. ಮಳೆ ಬಂದರೂ ನಾನು ರೂಮಿನಿಂದ ಕ್ಲಾಸಿಗೆ ಹೆಚ್ಚೂಕಡಿಮೆ ಒದ್ದೆಯಾಗದೆ ಹೋಗುತ್ತೇನೆ. ನೀನು ಕೊಟ್ಟ ಛತ್ರಿ ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇದೆ.

ಇದು ಶುರುವಾದದ್ದು ನಮ್ಮಂಥ ಬಾಡಿಗೆಯವರಿಂದಲೇ ಅಂತೆ. ಇಲ್ಲಿನ ಯೂನಿವರ್ಸಿಟಿಗೆ 1088 ಅಂತ ಇಸವಿ ಹೇಳುತ್ತಾರೆ. ಓದುವವರು, ವ್ಯಾಪಾರದವರು ಬಂದು ತುಂಬಿಕೊಂಡರು, ಜಾಗ ಸಾಲಲಿಲ್ಲ. ಮನೆಯವರು ಮೇಲಿನ ಅಂತಸ್ತನ್ನು ರಸ್ತೆಯ ಮೇಲಕ್ಕೆ ಚಾಚಿ ರೂಮು ಮಾಡಿದರು, ಅದು ಬೀಳದಿರಲಿ ಅಂತ ಕೆಳಗೆ ಮರದ ಕಂಬ ಕೊಟ್ಟರು. ನಮ್ಮ ಕಡೆ ಆಗಿದ್ದರೆ ನೋಟಿಸು, ಕೋರ್ಟು, ಜೆಸಿಬಿ. ಇಲ್ಲಿ 1288ರಲ್ಲಿ ಉಲ್ಟಾ ಕಾನೂನು ಮಾಡಿದರು: ಮನೆ ಕಟ್ಟುವವರು ಪೋರ್ಟಿಕೊ ಕಟ್ಟಲೇಬೇಕು. ಕುದುರೆ ಮೇಲೆ ಕೂತವನ ತಲೆ ತಾಗಬಾರದು, ಹಾಗಾಗಿ ಎತ್ತರ 2.66 ಮೀಟರಾದರೂ ಇರಬೇಕು ಅಂತ ಲೆಕ್ಕ. ಜಾಗ ಮನೆಯವರದು, ರಿಪೇರಿ ಮನೆಯವರದು, ನಡೆಯುವ ಹಕ್ಕು ಮಾತ್ರ ಎಲ್ಲರದು. ನಮ್ಮ ಸ್ಟುಡಿಯೊ ಮುಂದಿನ ಫುಟ್‌ಪಾತ್ ನೆನಪಾಗಿ ಹೊಟ್ಟೆ ಉರಿಯಿತು. ಅಲ್ಲಿ ಫುಟ್‌ಪಾತ್ ಸರ್ಕಾರದ್ದು, ಅನುಭವಿಸೋರು ಬೇಕರಿಯವರು.

1ನೇ ಪ್ರಿಂಟ್ ಸ್ತ್ರಾದಾ ಮಾಜ್ಜೋರೆ ಅನ್ನೋ ರಸ್ತೆಯದು. ಅದರಲ್ಲಿ ಕಾಣೋ ಮನೆಗೆ ಇನ್ನೂ ಮರದ ಕಂಬಗಳಿವೆ, 13ನೇ ಶತಮಾನದ್ದು. ಕತ್ತು ಎತ್ತಿದರೆ ಎತ್ತರದ ಮರದ ಚಾವಣಿ. ಅಲ್ಲಿ ಮೂರು ಬಾಣ ನೆಟ್ಟಿವೆ ಅಂತ ಕಥೆ ಹೇಳಿ ಟೂರಿಸ್ಟರನ್ನು ಕತ್ತು ಎತ್ತಿಸುತ್ತಾರೆ. ಫೋಟೊದಲ್ಲಿ ಬಾಣ ಹುಡುಕಬೇಡಿ, ನನ್ನ ಲೆನ್ಸಿಗೆ ಸಿಕ್ಕಿಲ್ಲ.

ಅಪ್ಪ, ಪೋರ್ಟಿಕೊ ಒಳಗೆ ಬೆಳಕು ಅಳೆಯೋದು ದೊಡ್ಡ ತಲೆನೋವು. ಒಳಗೆ ಕತ್ತಲೆ, ಹೊರಗೆ ಕಣ್ಣು ಕುಕ್ಕುವ ಬಿಸಿಲು. ಮೀಟರ್ ನಂಬಿದರೆ ಎರಡೂ ಕೆಡುತ್ತೆ. ಮೊದಮೊದಲು ಒಳಗಿನ ಗೋಡೆಗೆ ಅಳೆದು ಹೊರಗಿನ ರಸ್ತೆಯನ್ನೆಲ್ಲಾ ಸುಣ್ಣ ಬಳಿದಂತೆ ಮಾಡಿಟ್ಟೆ. ಈಗ ಬಿಸಿಲಿಗೇ ಅಳೆದು ಕಂಬಗಳನ್ನು ಕಪ್ಪಗೇ ಬಿಡುತ್ತೇನೆ. ಮಳೆ ನಿಂತ ಮೇಲೆ ಇನ್ನೂ ಚೆನ್ನ. ನೆಲ ನಮ್ಮ ಹಳೆಯ ಮನೆಗಳ ಮೊಸಾಯಿಕ್ ಥರ ನುಣುಪು, ಹೊರಗಿನ ಕೆಂಪು ಗೋಡೆಯ ಬಣ್ಣ ಅದರ ಮೇಲೆ ಹರಿದು ಬರುತ್ತೆ. 4, 5, 6 ನೋಡು. 5ನೆಯದು ಅಲ್ಲಾಡಿದೆ, ಆದರೂ ಇಟ್ಟಿದ್ದೇನೆ. ಸೈಕಲ್ ಮೇಲೆ ಹೋಗುತ್ತಿರುವ ಅಜ್ಜ ಕಾಲು ಎತ್ತಿದ ರೀತಿ ಥೇಟ್ ಮುತ್ಯಾ.

ನಮ್ಮ ಗೋಳಗುಮ್ಮಟದ ತಮ್ಮ ಒಬ್ಬ ಇಲ್ಲಿ ಸಿಕ್ಕಿದ. ದೊಡ್ಡ ಚೌಕದ ಪಕ್ಕ ಹಳೆಯ ಅರಮನೆಯ ಕೆಳಗೆ ನಾಲ್ಕು ದಾರಿ ಕೂಡುವ ಕಮಾನು ಇದೆ. ಒಂದು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಪಿಸುಗುಟ್ಟಿದರೆ ಎದುರು ಮೂಲೆಯವರಿಗೆ ಕೇಳುತ್ತೆ. ನನ್ನ ರೂಮ್‌ಮೇಟ್ ಹೆಮ್ಮೆಯಿಂದ ಕರೆದುಕೊಂಡು ಹೋಗಿ ನಿಲ್ಲಿಸಿದಳು. ನಾನು "ಊಟ ಆಯ್ತಾ?" ಅಂದೆ. ಅವಳಿಗೆ ಸ್ಪಷ್ಟವಾಗಿ ಕೇಳಿತು, ಅರ್ಥ ಮಾತ್ರ ಆಗಲಿಲ್ಲ. ನಮ್ಮೂರಲ್ಲಿ ಇದಕ್ಕಿಂತ ನೂರು ಪಟ್ಟು ದೊಡ್ಡದಿದೆ, ಅಪ್ಪ ಅದರ ಮುಂದಿನ ಗಾರ್ಡನ್‌ನಲ್ಲೇ ಇಪ್ಪತ್ತು ವರ್ಷ ಟೂರಿಸ್ಟರ ಫೋಟೊ ತೆಗೆದಿದ್ದಾರೆ ಅಂದೆ. ಅವಳು ನಂಬಲಿಲ್ಲ. ಅಪ್ಪ, ಗುಮ್ಮಟವನ್ನು ಚಿಟಿಕೆಯಲ್ಲಿ ಹಿಡಿದಂತೆ ತೆಗೆಯುತ್ತಿದ್ದೆಯಲ್ಲ, ಅಂಥದ್ದೊಂದು ಹಳೆಯ ಫೋಟೊ ಇದ್ದರೆ ಕಳಿಸು, ಅವಳ ಮುಖಕ್ಕೆ ಹಿಡಿಯಬೇಕು.

ಜಾಸ್ತಿ ಹೇಳಬೇಕಾಗಿರೋದು 9ನೇ ಪ್ರಿಂಟ್ ಬಗ್ಗೆ. ಅದು ಸುಮ್ನೆ ನೆಲದ ಮೇಲೆ ಬಿದ್ದ ಬೆಳಕಿನ ಚುಕ್ಕೆ ಥರ ಕಾಣುತ್ತೆ. ಸಾನ್ ಪೆತ್ರೋನಿಯೊ ಅನ್ನೋ ದೊಡ್ಡ ಚರ್ಚಿನ ಒಳಗೆ ತೆಗೆದದ್ದು. 1390ರಲ್ಲಿ ಶುರು ಮಾಡಿದ ಕಟ್ಟಡ, ಎದುರು ಗೋಡೆ ಇವತ್ತಿಗೂ ಅರ್ಧವೇ. ಕೆಳಗೆ ಅಮೃತಶಿಲೆ, ಮೇಲೆ ಬರೀ ಇಟ್ಟಿಗೆ. ಒಳಗೆ 27 ಮೀಟರ್ ಎತ್ತರದಲ್ಲಿ ಒಂದು ಸಣ್ಣ ತೂತು ಇದೆ. ನೆಲದಲ್ಲಿ 67 ಮೀಟರ್‌ನಷ್ಟು ಉದ್ದದ ಗೆರೆ. ಅದನ್ನು ಹಾಕಿಸಿದವರು ಕಸ್ಸೀನಿ ಅನ್ನೋ ಖಗೋಳ ವಿಜ್ಞಾನಿ, 1655ರಲ್ಲಿ. ನಮ್ಮ ಗುಮ್ಮಟ ಮುಗಿದದ್ದು 1656 ಅಂತ ನೀನು ಟೂರಿಸ್ಟರಿಗೆ ಹೇಳುತ್ತಿದ್ದೆಯಲ್ಲ, ಹೆಚ್ಚೂಕಡಿಮೆ ಅದೇ ಹೊತ್ತು. ಸೂರ್ಯ ನೆತ್ತಿಗೆ ಬಂದ ಕ್ಷಣಕ್ಕೆ ಆ ಬೆಳಕು ಗೆರೆಯ ಮೇಲೆ ಬಂದು ಕೂರುತ್ತೆ. ನಾನು ಹೋದ ದಿನ ಅದು ಮಧ್ಯಾಹ್ನ 1 ಗಂಟೆ 11 ನಿಮಿಷಕ್ಕೆ. 12ಕ್ಕೆ ಯಾಕಲ್ಲ ಅಂತ ಅವ್ವ ಕೇಳುತ್ತೀಯಾ. ಬೇಸಿಗೆಯಲ್ಲಿ ಇವರು ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ಉಳಿದದ್ದು ಇವರ ಗಡಿಯಾರಕ್ಕೆ ಆಧಾರವಾದ ರೇಖೆಗಿಂತ ಊರು ಪಶ್ಚಿಮಕ್ಕಿರುವ ಲೆಕ್ಕ. ವಿಜಯಪುರದಲ್ಲೂ ಗಡಿಯಾರದ 12ಕ್ಕೆ ಸೂರ್ಯ ನೆತ್ತಿಗೆ ಬರಲ್ಲ, ಅರ್ಧ ಗಂಟೆಯಷ್ಟು ತಡ.

ಈಗ ಅಸಲು ಮಾತು. ಮೇಲಿನ ತೂತು ಚಿಕ್ಕದು, ಕೆಳಗೆ ಬಿದ್ದ ಬೆಳಕು ಮಾತ್ರ ದೊಡ್ಡ ಜೋಳದ ರೊಟ್ಟಿಯಷ್ಟು. ಯಾಕೆಂದರೆ ಅದು ತೂತಿನ ಆಕಾರ ಅಲ್ಲ, ಸೂರ್ಯನ ಚಿತ್ರ. ಶೂ ಡಬ್ಬಿಗೆ ಸೂಜಿಯಿಂದ ಚುಚ್ಚಿ ನನಗೆ ನೀನು ಎದುರು ಮನೆಯನ್ನು ತಲೆಕೆಳಗಾಗಿ ತೋರಿಸಿದ್ದೆ, ನೆನಪಿದೆಯಾ? ಅದೇ. ಇಡೀ ಚರ್ಚೇ ಒಂದು ಕ್ಯಾಮೆರಾ, ನಾವೆಲ್ಲ ಅದರ ಒಳಗೆ ನಿಂತಿದ್ದೆವು. ವರ್ಷವಿಡೀ ಆ ರೊಟ್ಟಿಯ ಅಗಲ ಅಳೆದೇ ಕಸ್ಸೀನಿ, ಸೂರ್ಯನ ದೂರ ಎಷ್ಟೆಷ್ಟು ಬದಲಾಗುತ್ತೆ ಅಂತ ಕಂಡುಕೊಂಡರು. ಬೆಳಕು ಗೆರೆ ದಾಟಲು ಎರಡು ಮೂರು ನಿಮಿಷ ಸಾಕು. ನಾನು ಎರಡೇ ಫೋಟೊ ತೆಗೆದೆ. ಕಣ್ಣೆದುರೇ ಅದು ಚಲಿಸುತ್ತಿತ್ತು, ಕ್ಯಾಮೆರಾ ಕೆಳಗಿಟ್ಟು ನೋಡುತ್ತಾ ನಿಂತೆ.

ಉಳಿದ ಜಾಗಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ವಿಯಾ ಪಿಯೆಲ್ಲಾದಲ್ಲಿ ಗೋಡೆಗೊಂದು ಪುಟ್ಟ ಕಿಟಕಿ, ತೆಗೆದರೆ ಕಾಲುವೆ ಕಾಣುತ್ತೆ. ಅದಕ್ಕೆ ಕ್ಯೂ. ಎಲ್ಲರೂ ಅದೇ ಫೋಟೊ ತೆಗೆದು ಹೋಗುತ್ತಾರೆ, ನಾನೂ ತೆಗೆದೆ, ಕಳಿಸಿಲ್ಲ. ಎರಡು ಗೋಪುರಗಳು ಊರಿನ ಗುರುತು. ಎತ್ತರದ್ದು 97 ಮೀಟರ್. ಡಿಗ್ರಿ ಮುಗಿಯುವ ಮುಂಚೆ ಹತ್ತಿದರೆ ಪಾಸಾಗಲ್ಲ ಅಂತ ಹುಡುಗರ ನಂಬಿಕೆ. ಪಕ್ಕದ ಗಿಡ್ಡ ಗೋಪುರ ಜಾಸ್ತಿ ವಾಲಿದೆ ಅಂತ 2023ರಲ್ಲಿ ಸುತ್ತ ಬೇಲಿ ಹಾಕಿ, ಎರಡನ್ನೂ ಮುಚ್ಚಿಬಿಟ್ಟರು.

11ನೇ ಪ್ರಿಂಟ್ ಅನ್ನು ಅವ್ವ ನಿಧಾನಕ್ಕೆ ನೋಡು. ಗೋಡೆ ತುಂಬ ಪುಟ್ಟ ಪುಟ್ಟ ಮುಖಗಳು, ಎರಡು ಸಾವಿರದಷ್ಟು. ಎರಡನೇ ಮಹಾಯುದ್ಧದಲ್ಲಿ ನಾಜಿ, ಫ್ಯಾಸಿಸ್ಟರ ವಿರುದ್ಧ ಹೋರಾಡಿದವರನ್ನು ಇದೇ ಗೋಡೆಗೆ ನಿಲ್ಲಿಸಿ ಗುಂಡು ಹೊಡೆಯುತ್ತಿದ್ದರು. 1945ರ ಏಪ್ರಿಲ್ 21ರಂದು ಊರು ಬಿಡುಗಡೆಯಾದಾಗ ಮನೆಯವರು ಬಂದು ಸತ್ತವರ ಫೋಟೊ, ಹೂವು ತಂದು ಇಟ್ಟರು. ಯಾರೂ ಹೇಳಿ ಮಾಡಿಸಿದ್ದಲ್ಲ. ಆಮೇಲೆ ಅದನ್ನೇ ಶಾಶ್ವತ ಮಾಡಿದರು. ಹತ್ತಿರ ಹೋದರೆ ಗೊತ್ತಾಗುತ್ತೆ ಅಪ್ಪ, ಎಷ್ಟೋ ಫೋಟೊ ಸ್ಟುಡಿಯೊದಲ್ಲಿ ತೆಗೆದ ಹಾಗಿವೆ. ತಲೆ ಬಾಚಿ, ಕಾಲರ್ ಸರಿಮಾಡಿ, ಯಾರೋ "ಇತ್ತ ನೋಡು" ಅಂದಾಗ ನೋಡಿದ ಕಣ್ಣು. ನಿನ್ನ ಹತ್ತಿರ ಪಾಸ್‌ಪೋರ್ಟ್ ಸೈಜ್‌ಗೆ ಕೂತ ಹುಡುಗರ ಥರವೇ. ಮನೆಯವರು ಕೇಳಿದಾಗ ಅದೊಂದೇ ಫೋಟೊ ಇತ್ತೇನೋ.

ಕೊನೆಗೆ ಸಾನ್ ಲೂಕಾ ಬೆಟ್ಟ. ಊರ ಬಾಗಿಲಿನಿಂದ ಬೆಟ್ಟದ ಮೇಲಿನ ಗುಡಿವರೆಗೆ 3.8 ಕಿಲೋಮೀಟರ್ ಪೋರ್ಟಿಕೊ, 666 ಕಮಾನು. 1674ರಲ್ಲಿ ಶುರು ಮಾಡಿ ನೂರು ವರ್ಷಕ್ಕೂ ಜಾಸ್ತಿ ಹಿಡಿಯಿತು. ಪ್ರತಿ ವರ್ಷ ಮೇ ತಿಂಗಳಿನ ಹೊತ್ತಿಗೆ ಮೇಲಿನ ಮೇರಿ ತಾಯಿಯ ಪಟವನ್ನು ಮೆರವಣಿಗೆಯಲ್ಲಿ ಊರೊಳಗೆ ತಂದು ಒಂದು ವಾರ ಇಡುತ್ತಾರೆ. 1433ರಲ್ಲಿ ಮಳೆ ನಿಲ್ಲದೆ ಬೆಳೆ ಕೊಳೆಯುತ್ತಿದ್ದಾಗ ಮೊದಲ ಸಲ ಇಳಿಸಿದರಂತೆ, ಮಳೆ ನಿಂತಿತಂತೆ. ನಾವು ಮಳೆ ಬಾ ಅಂತ ಗುರ್ಜಿ ಹೊತ್ತರೆ, ಇವರು ಮಳೆ ಹೋಗು ಅಂತ ದೇವಿ ಹೊತ್ತರು. ನಮಗೂ ಇವರಿಗೂ ಮೋಡ ಹಂಚುವವರು ಯಾರೋ ಲೆಕ್ಕ ತಪ್ಪಿದ್ದಾರೆ.

ಹತ್ತಿ ಇಳಿಯುವಾಗ ಕಾಲು ಸೋತಿತ್ತು. ಅವ್ವನ ಮಾತು ನೆನಪಾಗಿ, ಕಮಾನಿನ ಕಟ್ಟೆ ಮೇಲೆ ಕೂತಿದ್ದ ಒಬ್ಬ ಅಜ್ಜಿಗೆ ಕ್ಯಾಮೆರಾ ಕೊಟ್ಟೆ. ಎಲ್ಲಾ ಸೆಟ್ ಮಾಡಿ, ಈ ಗುಂಡಿ ಒತ್ತಿದರೆ ಸಾಕು ಅಂದೆ. ಅಜ್ಜಿಗೆ ಅಷ್ಟು ಸಾಕಾಗಲಿಲ್ಲ, ಫೋಕಸ್ ರಿಂಗನ್ನೂ ತಿರುಗಿಸಿದರು. 14ನೇ ಪ್ರಿಂಟ್ ಅದು. ಬೂದು ಸ್ವೆಟರ್‌ನಲ್ಲಿ ಮಸುಕಾಗಿ ನಗುತ್ತಿರೋದು ನಾನು. ನನ್ನ ಹಿಂದಿನ ಕಂಬ ಮಾತ್ರ ಎಷ್ಟು ಶಾರ್ಪ್ ಬಂದಿದೆ ನೋಡಿ, ಸುಣ್ಣದ ಬಿರುಕು ಕೂಡ ಎಣಿಸಬಹುದು.

ಅವ್ವ, ಇದನ್ನು ಫ್ರೇಮ್ ಹಾಕಿಸಿ ಮುತ್ಯಾನ ಫೋಟೊ ಪಕ್ಕ ಗೋಡೆಗೆ ಹಾಕಬೇಡ. ಆ ಗೋಡೆಯಲ್ಲಿ ಇರೋರೆಲ್ಲ ಹಾರ ಹಾಕಿಸಿಕೊಂಡವರು. ಫ್ರಿಜ್ ಮೇಲೆ ಇಡು, ಸಾಕು.

ನಿಮ್ಮ ಮಗಳು