ಕೊನೆ ಗೊತ್ತಿದ್ದರೆ ಏನಾಯಿತು, ವಿದ್ಯಾ?

ಚಿ. ವಿದ್ಯಾಗೆ,

ಹಾವೇರಿಯಿಂದ ನಿನ್ನ ಅತ್ತೆಯ ಆಶೀರ್ವಾದಗಳು.

ನಿನ್ನ ಪತ್ರ ಬಂತು. ಮುಂಬೈ ಮನೆ, ಬಾಡಿಗೆ, ಊಟದ ತಾಪತ್ರಯ ಎಲ್ಲಾ ಅಣ್ಣ ಫೋನಿನಲ್ಲಿ ಹೇಳಿದ್ದಾನೆ, ಅದನ್ನು ಬಿಡುತ್ತೇನೆ. ನೀವು ಓಟಿಟಿಗಾಗಿ ಮತ್ತೆ ಕಟ್ಟುತ್ತಿರುವ ಹಳೆಯ ಧಾರಾವಾಹಿ ಯಾವುದು ಅಂತ ಹೊರಗೆ ಹೇಳಬಾರದು ಅಂದಿದ್ದೀಯ. ಅದನ್ನೂ ಇಲ್ಲಿ ಬರೆಯುವುದಿಲ್ಲ. ಆದರೆ ಪತ್ರದ ನಡುವೆ ಒಂದು ಮಾತು ಬರೆದಿದ್ದೀಯಲ್ಲ, "ಅತ್ತಿ, ಈಗಿನ ಮಂದಿ ಮೊದಲ ಐದು ನಿಮಿಷದಲ್ಲೇ ಕೊನೆ ಏನು ಅಂತ ಹಿಡಿದುಬಿಡ್ತಾರೆ, ಯಾರೂ ಬೆಚ್ಚೋದಿಲ್ಲ, ಇನ್ನು ನಾನು ಬರೆಯೋದಕ್ಕೆ ಏನು ಉಳಿದಿದೆ" ಅಂತ. ಅದನ್ನು ಓದಿದಾಗಿನಿಂದ ಮನಸ್ಸಿಗೆ ಸಮಾಧಾನ ಇಲ್ಲ. ಅದಕ್ಕೇ ಈ ಪತ್ರ.

ನಿಮ್ಮ ಕೆಲಸದ ಕಡೆಯ ಹಿರಿಯರು ಮಾತೆತ್ತಿದರೆ ಟ್ವಿಲೈಟ್ ಝೋನ್ ಅನ್ನುವ ಹಳೆಯ ಅಮೆರಿಕದ ಟಿವಿ ಧಾರಾವಾಹಿಯ ಹೆಸರು ಹೇಳುತ್ತಾರೆ ಅಂದಿದ್ದೆ. ಹೋದ ಸಲ ಬಂದಾಗ ನೀನು ಟಿವಿಯಲ್ಲಿ ಹಾಕಿಕೊಟ್ಟ ಆ ಕಪ್ಪು ಬಿಳುಪಿನ ಕಂತುಗಳನ್ನು ನಾನು ನೋಡುತ್ತಲೇ ಇದ್ದೇನೆ. 1959ರಲ್ಲಿ ಶುರುವಾಗಿ 1964ಕ್ಕೆ ನಿಂತದ್ದು, ಒಟ್ಟು 156 ಕಂತು, ಪ್ರತಿ ಸಲ ಬೇರೆ ಕಥೆ, ಬೇರೆ ಪಾತ್ರ. ಅದರಲ್ಲಿ 92ನ್ನು ಅದನ್ನು ಹುಟ್ಟುಹಾಕಿದ ರಾಡ್ ಸರ್ಲಿಂಗ್ ಒಬ್ಬರೇ ಬರೆದರು. ಕೊನೆಯ ತಿರುವು ಖಾಲಿಯಾಗುವ ವಸ್ತುವಾಗಿದ್ದರೆ ಅದು ಆಗಲೇ ಖಾಲಿಯಾಗಿ ಹೋಗಬೇಕಿತ್ತು, ಅಲ್ವಾ?

ಆ ಬ್ಯಾಂಕ್ ಗುಮಾಸ್ತನ ಕಂತು ನೆನಪಿದೆಯಾ? ಓದುವ ಹುಚ್ಚಿನವನು, ದಪ್ಪ ಕನ್ನಡಕದವನು. ಊಟದ ಹೊತ್ತಿನಲ್ಲಿ ಬ್ಯಾಂಕಿನ ತಿಜೋರಿ ಕೋಣೆಯಲ್ಲಿ ಕೂತು ಓದುತ್ತಿರುವಾಗ ಹೊರಗೆ ಬಾಂಬು ಬಿದ್ದು ಎಲ್ಲರೂ ಸತ್ತಿರುತ್ತಾರೆ. ಇವನೊಬ್ಬನೇ ಉಳಿಯುತ್ತಾನೆ. ಗ್ರಂಥಾಲಯದ ಮೆಟ್ಟಿಲ ಮೇಲೆ ಇಂಥ ತಿಂಗಳಿಗೆ ಇಷ್ಟು ಅಂತ ಪುಸ್ತಕಗಳನ್ನು ಜೋಡಿಸಿಕೊಳ್ಳುತ್ತಾನೆ. ಅಷ್ಟರಲ್ಲಿ ಕನ್ನಡಕ ಬಿದ್ದು ಒಡೆಯುತ್ತದೆ. ಮೊದಲ ಸಲ ನೋಡಿದಾಗ ನನಗೆ ಆ ಕೊನೆ ಮಾತ್ರ ಕಂಡಿತು. ಎರಡನೇ ಸಲ, ಕೊನೆ ಗೊತ್ತಿದ್ದೂ ನೋಡಿದಾಗ, ಅವನ ಹೆಂಡತಿ ಕಂಡಳು. ಕವನ ಓದಿ ಹೇಳು ಅಂತ ತಾನೇ ಪುಸ್ತಕ ಕೊಡುತ್ತಾಳೆ. ಅವನು ಆಸೆಯಿಂದ ತೆರೆದರೆ ಪುಟದ ತುಂಬ ಗೀಚಿರುತ್ತಾಳೆ, ಒಂದು ಸಾಲನ್ನೂ ಬಿಟ್ಟಿರುವುದಿಲ್ಲ. ಮೊದಲ ಸಲ ಅದನ್ನು ಸುಮ್ನೆ ನೋಡಿ ದಾಟಿಸಿದ್ದೆ. ಎರಡನೇ ಸಲ ಹೊಟ್ಟೆ ಉರಿಯಿತು. ಬೆಚ್ಚುವುದು ಒಂದೇ ಸಲ ವಿದ್ಯಾ. ಮರುಗುವುದು ಪ್ರತಿ ಸಲ.

ನಾನು ಸಣ್ಣವಳಿದ್ದಾಗ ನಮ್ಮೂರ ಜಾತ್ರೆಯಲ್ಲಿ ಸಂಗ್ಯಾ ಬಾಳ್ಯಾ ಸಣ್ಣಾಟ ಆಡುತ್ತಿದ್ದರು. ಸಂಗ್ಯಾ ಸಾಯುತ್ತಾನೆ, ಪ್ರಾಣದ ಗೆಳೆಯ ಬಾಳ್ಯಾನೇ ಎರಡು ಬಗೆಯುತ್ತಾನೆ ಅನ್ನುವುದು ಕೂಸುಗಳಿಗೂ ಗೊತ್ತು. ಅಷ್ಟಿದ್ದೂ ಗ್ಯಾಸಬತ್ತಿ ಬೆಳಕಿನಲ್ಲಿ ಬಾಳ್ಯಾ ಬಂದು ಸಂಗ್ಯಾನನ್ನು ಕರೆಯುವ ಹೊತ್ತಿಗೆ ಹೆಣ್ಣುಮಕ್ಕಳ ಕಡೆಯಿಂದ ಕೂಗು ಏಳುತ್ತಿತ್ತು. "ಬ್ಯಾಡೋ ತಮ್ಮಾ, ಹೋಗಬ್ಯಾಡೋ!" ನಮ್ಮವ್ವ ನನ್ನ ರಟ್ಟೆಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ಅವಳ ಬಳೆ ಒತ್ತಿ ಗುರುತು ಮೂಡಿತ್ತು. ಅವಳಿಗೆ ಕೊನೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಕೂಗಿದಳು. ನಿನ್ನ ನೋಡುಗರಿಗೂ ಐದನೇ ನಿಮಿಷಕ್ಕೆ ಕೊನೆ ಗೊತ್ತಾಗಲಿ. ಆಮೇಲೆ ಅವರು ರಿಮೋಟ್ ಹುಡುಕುತ್ತಾರೋ, ಬ್ಯಾಡೋ ತಮ್ಮಾ ಅನ್ನುತ್ತಾರೋ, ಅದನ್ನು ನೋಡು.

ಸರ್ಲಿಂಗ್ ಇಂಥ ವಿಚಿತ್ರ ಕಥೆಗಳ ದಾರಿ ಹಿಡಿದದ್ದು ಮಂದಿಯನ್ನು ಬೆಚ್ಚಿಸುವುದಕ್ಕಲ್ಲ. 1955ರಲ್ಲಿ ಮಿಸಿಸಿಪ್ಪಿಯಲ್ಲಿ ಎಮೆಟ್ ಟಿಲ್ ಅನ್ನುವ 14 ವರ್ಷದ ಕರಿಯ ಹುಡುಗನನ್ನು ಕೊಂದರು, ಕೊಂದವರು ಕೋರ್ಟಿನಿಂದ ಖುಲಾಸೆಯಾಗಿ ಬಂದರು. ಅದನ್ನು ಮನಸ್ಸಿನಲ್ಲಿಟ್ಟು ಇವರು ಟಿವಿಗೆ ನಾಟಕ ಬರೆದರು. ಅದು 1956ರಲ್ಲಿ ಪ್ರಸಾರವಾಗುವಷ್ಟರಲ್ಲಿ ಜಾಹೀರಾತಿನವರ ಅಂಜಿಕೆಗೆ ಊರು ಬದಲಾಯಿತು, ಸತ್ತವನು ಬದಲಾದ, ಕಥೆಯೊಳಗಿನ ಕಿಚ್ಚೇ ಆರಿತು. ಅದಕ್ಕೇ ಮುಂದೆ ಅವರು ಬೇರೆ ಗ್ರಹದವರನ್ನು ಕರೆತಂದರು. ಮನುಷ್ಯರ ಬಾಯಲ್ಲಿ ಆಡಲು ಬಿಡದ ಮಾತನ್ನು ಅವರ ಬಾಯಲ್ಲಿ ಆಡಿಸಿದರು. ಓಣಿಯೊಂದರಲ್ಲಿ ಕರೆಂಟ್ ಹೋಗಿ, ಯಾರ ಮನೆಯಲ್ಲಿ ಪರಕೀಯರಿದ್ದಾರೆ ಅಂತ ನೆರೆಹೊರೆಯವರೇ ಬಡಿದಾಡುವ ಕಂತು ಇದೆಯಲ್ಲ, ಅದರಲ್ಲಿ ನಿಜವಾದ ಪರಕೀಯರು ಗುಡ್ಡದ ಮೇಲೆ ನಿಂತು ನೋಡುತ್ತಿರುತ್ತಾರೆ. ಅದರ ಕೊನೆಯನ್ನು ನಾನು ಮೊದಲೇ ಊಹಿಸಿದ್ದೆ. ಆದರೂ ಆ ರಾತ್ರಿ ನಮ್ಮ ಓಣಿಯ ಒಂದೊಂದು ಮನೆಯೂ ಕಣ್ಣ ಮುಂದೆ ಬಂತು.

ನಿನ್ನ ಕಥೆಯಲ್ಲಿ ನಿನ್ನ ಸಿಟ್ಟು ಎಲ್ಲಿದೆ ತಾಯಿ? ಪತ್ರದಲ್ಲಿ ಎಲ್ಲಾ ಬರೆದಿದ್ದೀಯ, ಅದೊಂದನ್ನು ಬರೆದಿಲ್ಲ.

ಹಳೆಯದನ್ನು ಎಬ್ಬಿಸುವುದಂತೂ ಹೊಸದಲ್ಲ. ಟ್ವಿಲೈಟ್ ಝೋನನ್ನೇ 1985ರಲ್ಲಿ ಒಮ್ಮೆ, 2002ರಲ್ಲಿ ಒಮ್ಮೆ, 2019ರಲ್ಲಿ ಮತ್ತೊಮ್ಮೆ ಎಬ್ಬಿಸಿದರು. 1963ರ ವಿಮಾನದ ಕಥೆಯಲ್ಲಿ ರೆಕ್ಕೆಯ ಮೇಲೆ ಕೂತ ವಿಚಿತ್ರ ಪ್ರಾಣಿ ಒಬ್ಬನಿಗೆ ಮಾತ್ರ ಕಾಣುತ್ತದೆ. 2019ರವರಿಗೆ ಒಂದು ತೊಡಕು ಇದ್ದೇ ಇತ್ತು, ಆ ಪ್ರಾಣಿ ಯಾರಿಗೆ ಗೊತ್ತಿಲ್ಲ? ಅವರು ಏನು ಮಾಡಿದರು ನೋಡು. ಪ್ರಯಾಣಿಕನ ಕೈಗೆ ಒಂದು ಪ್ಲೇಯರ್ ಸಿಗುತ್ತದೆ, ಅದರಲ್ಲಿನ ಪಾಡ್‌ಕಾಸ್ಟ್ ಈ ವಿಮಾನ ಹೇಗೆ ಕಾಣೆಯಾಯಿತು ಅಂತ ಮೊದಲೇ ಹೇಳುತ್ತದೆ. ಅವನು ತಪ್ಪಿಸಲು ಹೋಗುತ್ತಾನೆ, ತಪ್ಪಿಸಲು ಹೋದದ್ದರಿಂದಲೇ ಅದು ಆಗುತ್ತದೆ. ಕೊನೆ ಮೊದಲೇ ಗೊತ್ತಿರುವುದನ್ನೇ ಕಥೆ ಮಾಡಿಕೊಂಡರು. ನಿನ್ನ ಅಂಜಿಕೆಯನ್ನೇ ಅವರು ಬಂಡವಾಳ ಮಾಡಿಕೊಂಡರು ಅಂತ ನನಗೆ ಅನ್ನಿಸಿತು. ಆ ಸಾಲಿನ ಉಳಿದ ಕಂತುಗಳಲ್ಲಿ ಕೆಲವು ನನಗೆ ಉದ್ದ ಜಾಸ್ತಿ ಅನ್ನಿಸಿದವು. ಓಟಿಟಿಯಲ್ಲಿ ಹೊತ್ತಿನ ಕಟ್ಟು ಇಲ್ಲವಲ್ಲ. ಹಿಂದೆ 1963ರಲ್ಲಿ ಹಳೆಯ ಧಾರಾವಾಹಿಯವರೂ ಅರ್ಧ ಗಂಟೆಯ ಕಥೆಯನ್ನು ಒಂದು ಗಂಟೆಗೆ ಹಿಗ್ಗಿಸಿದ್ದರು, ಮುಂದಿನ ಸಾಲಿಗೆ ಮತ್ತೆ ಅರ್ಧ ಗಂಟೆಗೇ ಬಂದರು. ನಿನಗೆ ಗೊತ್ತಿಲ್ಲದ್ದೇನಲ್ಲ, ಆದರೂ ಹೇಳಿದೆ. ಕಥೆ ಚಿಕ್ಕದಿದ್ದರೆ ಚಿಕ್ಕದಾಗಿಯೇ ಬಿಡು.

ಇದೊಂದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ. ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದಾಗ ಗ್ಯಾದರಿಂಗ್‌ಗೆ, ಅಂದರೆ ವಾರ್ಷಿಕೋತ್ಸವಕ್ಕೆ ಅಂತ ಒಂದು ನಾಟಕ ಬರೆದಿದ್ದೆ. ಒಂದು ಹಳ್ಳಿಗೆ ನಾಳೆ ಆಗುವುದನ್ನು ಇಂದೇ ಹೇಳುವ ಯಂತ್ರ ಬರುತ್ತದೆ. ಮಂದಿ ಬಿತ್ತುವುದು ಬಿಡುತ್ತಾರೆ, ಮಾತು ಬಿಡುತ್ತಾರೆ. ಒಬ್ಬ ಮುದುಕಿಗೆ ಮಾತ್ರ, ನಿನ್ನ ಮಗ ನಾಳೆಯೂ ಬರುವುದಿಲ್ಲ ಅಂತ ಅದು ದಿನಾ ಹೇಳುತ್ತದೆ. ಅವಳು ದಿನಾ ಸಂಜೆ ಅವನ ಪಾಲಿನ ಎರಡು ರೊಟ್ಟಿ ತಟ್ಟಿ, ಬದನೆಕಾಯಿ ಪಲ್ಯದ ಜೊತೆ ಮುಚ್ಚಿಡುತ್ತಾಳೆ. ನಾಟಕ ಆರಿಸುವವರು ಓದಿ, "ಮಗ ಬರಂಗಿಲ್ಲ ಅಂತ ಮೊದಲೇ ಗೊತ್ತಾತಲ್ರೀ ಬಾಯಾರ, ಮುಂದ ನೋಡೂದೇನದ?" ಅಂದರು. ನನಗೆ ಬಾಯಿ ಬರಲಿಲ್ಲ. ಹಾಳೆಗಳನ್ನು ಮನೆಗೆ ತಂದೆ. ನಿಮ್ಮ ಮಾವ ಇನ್ನೊಂದು ಬರೆ ಅಂತ ಎಷ್ಟೋ ಸಲ ಹೇಳಿದರು, ಬರೆಯಲಿಲ್ಲ. ಇವತ್ತಿಗೂ ಸಂಜೆ ರೊಟ್ಟಿ ತಟ್ಟುವಾಗ ಆ ಮುದುಕಿಯ ಮಾತುಗಳು ತಾವಾಗಿ ಬರುತ್ತವೆ, ಬರೆದುಕೊಳ್ಳುವವರಿಲ್ಲ. ಅವರು ಅಂದ ಮಾತನ್ನೇ ನೀನು ನಿನಗೆ ಅಂದುಕೊಂಡು ಬರೆದದ್ದನ್ನು ಓದಿದಾಗ ನನಗೆ ಹೇಗಾಗಿರಬೇಕು, ನೀನೇ ಯೋಚಿಸು.

ಇನ್ನೊಂದು ಮಾತು, ನಿನ್ನ ಉದ್ಯೋಗದ ವಿಷಯದಲ್ಲಿ ನಾನು ಬಾಯಿ ಹಾಕಬಾರದು, ಆದರೂ. ಸರ್ಲಿಂಗ್ ತಮ್ಮ ಪಾಲಿನ ಹಕ್ಕನ್ನು ಚಾನೆಲ್ಲಿಗೆ ಮಾರಿಬಿಟ್ಟರು, ಆಮೇಲೆ ಅದು ಮರುಪ್ರಸಾರದಲ್ಲಿ ವರ್ಷಗಟ್ಟಲೆ ದುಡಿಯಿತು. 2019ರ ಕಂತುಗಳನ್ನಂತೂ 2023ರಲ್ಲಿ ಅವನ್ನು ತೋರಿಸುತ್ತಿದ್ದ ಓಟಿಟಿಯವರೇ ತಮ್ಮ ಆ್ಯಪಿನಿಂದ ತೆಗೆದುಹಾಕಿದರು. ಕರಾರು ಓದಿ ಸಹಿ ಹಾಕು, ತಿಳಿಯದಿದ್ದರೆ ಗೊತ್ತಿರುವ ವಕೀಲರಿಗೆ ತೋರಿಸು. ಬರೆದದ್ದರ ಒಂದು ಪ್ರತಿಯನ್ನು ಕಾಗದದ ಮೇಲೆ ಇಟ್ಟುಕೋ. ರಾತ್ರಿ ಎರಡು ಗಂಟೆವರೆಗೆ ಕೂರಬೇಡ, ಅಣ್ಣನಿಗೆ ಚಿಂತೆಯಾಗುತ್ತದೆ. ನನಗೂ.

ನೀನು ಬರೆಯುತ್ತಿರುವ ಆ ಕಥೆಯನ್ನು ನನಗೆ ಕಳಿಸು, ಕಳಿಸಲು ಅವರು ಬಿಟ್ಟರೆ. ಬಿಡದಿದ್ದರೆ ಪಂಚಮಿಗೆ ಬಂದಾಗ ಬಾಯಲ್ಲೇ ಹೇಳು. ಅತ್ತಿ ಊಹಿಸಿಬಿಡುತ್ತಾಳೆ ಅಂತ ಕೊನೆಯನ್ನು ಮುಚ್ಚಿಡಬೇಡ, ಮೊದಲು ಅದನ್ನೇ ಹೇಳಿ ಆಮೇಲೆ ಶುರು ಮಾಡು. ನಾನು ಪೂರ್ತಿ ಕೇಳುತ್ತೇನೆ.

ನಿನ್ನ
ಶಾರದಾ ಅತ್ತಿ